ಸಹಿ ಹಾಕಲ್ಲ, ತಡೆಯೋದೂ ಇಲ್ಲ: 2008ರಲ್ಲಿ ಲೂಯಿಸಿಯಾನದ ಜನ ಬಾಬಿ ಜಿಂದಾಲ್ ಮೇಲೆ ತಿರುಗಿಬಿದ್ದದ್ದು ಏಕೆ?

ಹೊಳೆದಂಡೆ (ಮೈಸೂರು):

ಶಾಸಕರ ಸಂಬಳದ ಮಾತು ಬಂದಾಗಲೆಲ್ಲ ನನಗೆ 2008ರ ಜೂನ್ ತಿಂಗಳು ನೆನಪಾಗುತ್ತದೆ. ಆಗ ನಾನು ಅಮೆರಿಕದ ಲೂಯಿಸಿಯಾನ ರಾಜ್ಯದ ರಾಜಧಾನಿ ಬ್ಯಾಟನ್ ರೂಜ್‌ನಲ್ಲಿ ಓದುತ್ತಿದ್ದೆ. ಮಂಗಳೂರಿನ ಹಾಗೆ ಬೆವರು ಹರಿಯುವ ಊರು. ಮಿಸಿಸಿಪ್ಪಿ ಹೊಳೆಯ ದಂಡೆಯಲ್ಲಿ 34 ಮಹಡಿಯ ಶಾಸನಸಭೆ ಕಟ್ಟಡ ಇದೆ. ಅಮೆರಿಕದ ಯಾವ ರಾಜ್ಯಕ್ಕೂ ಅಷ್ಟು ಎತ್ತರದ್ದು ಇಲ್ಲ. ನಾನು ದಿನಾ ಬಸ್ಸಿನಿಂದ ಅದನ್ನು ನೋಡುತ್ತಿದ್ದೆ.

ಅದಕ್ಕೂ ಎಂಟು ತಿಂಗಳ ಹಿಂದೆ, 2007ರ ಅಕ್ಟೋಬರ್‌ನಲ್ಲಿ, ಬಾಬಿ ಜಿಂದಾಲ್ ಗವರ್ನರ್ ಆಗಿ ಗೆದ್ದಿದ್ದರು. ಪಂಜಾಬಿನಿಂದ ಹೋದ ಅಪ್ಪ ಅಮ್ಮನ ಮಗ, ಹುಟ್ಟಿದ್ದು ಬ್ಯಾಟನ್ ರೂಜ್‌ನಲ್ಲೇ. ಅಧಿಕಾರ ಹಿಡಿದಾಗ ವಯಸ್ಸು 36. ಅಮೆರಿಕದ ರಾಜ್ಯವೊಂದಕ್ಕೆ ಭಾರತೀಯ ಮೂಲದವರೊಬ್ಬರು ಗವರ್ನರ್ ಆದದ್ದು ಅದೇ ಮೊದಲು. ಮೊದಲ ಸುತ್ತಿನಲ್ಲೇ 54 ಶೇಕಡಾ ಮತ ಬಂತು. ಅವರ ರಾಜಕೀಯ ನಮಗೆಲ್ಲ ಒಪ್ಪಿಗೆ ಇತ್ತು ಅಂತಲ್ಲ. ಆದರೂ ಆ ರಾತ್ರಿ ನಾವು ಭಾರತದ ಹುಡುಗರು ಹಾಸ್ಟೆಲ್ಲಿನಲ್ಲಿ ರವೆ ಉಂಡೆ ಹಂಚಿದೆವು.

ಅವರು ಗೆದ್ದದ್ದೇ ಶುದ್ಧ ಆಡಳಿತದ ಮಾತಿನ ಮೇಲೆ. ಲೂಯಿಸಿಯಾನಕ್ಕೆ ಲಂಚದ ಕೆಟ್ಟ ಹೆಸರಿತ್ತು. ನಾಲ್ಕು ಸಲ ಗವರ್ನರ್ ಆಗಿದ್ದ ಎಡ್ವಿನ್ ಎಡ್ವರ್ಡ್ಸ್ ಆಗ ಜೈಲಿನಲ್ಲಿದ್ದರು. ಜಿಂದಾಲ್ ಬಂದ ಕೂಡಲೇ, 2008ರ ಫೆಬ್ರವರಿಯಲ್ಲಿ, ವಿಶೇಷ ಅಧಿವೇಶನ ಕರೆದು ಶಾಸಕರು ತಮ್ಮ ಆಸ್ತಿ, ಆದಾಯ ಬಹಿರಂಗ ಮಾಡಬೇಕು ಅಂತ ಕಾನೂನು ಮಾಡಿಸಿದರು. ಜನ ಖುಷಿಯಾಗಿದ್ದರು.

ಆಮೇಲೆ ಬಂತು ಸಂಬಳದ ಮಸೂದೆ. ಅಲ್ಲಿ ಶಾಸಕರ ಕೆಲಸ ಪೂರ್ತಿ ಸಮಯದ್ದಲ್ಲ. ಅಧಿವೇಶನ ವರ್ಷಕ್ಕೆ ಎರಡು ಮೂರು ತಿಂಗಳು, ಅಷ್ಟೇ. ಮೂಲ ಸಂಬಳ ವರ್ಷಕ್ಕೆ 16,800 ಡಾಲರ್. 1980ರಿಂದ ಅದು ಅಲ್ಲೇ ನಿಂತಿತ್ತು. ಭತ್ಯೆಗಳು ಬೇರೆ. ನ್ಯೂ ಆರ್ಲಿಯನ್ಸ್‌ನ ಸೆನೆಟರ್ ಆ್ಯನ್ ಡುಪ್ಲೆಸಿಸ್ ತಂದ ಮಸೂದೆ ಅದನ್ನು ಮೊದಲು 50,000 ದಾಟಿಸಲು ಹೊರಟಿತ್ತು. ಕೂಗು ಎದ್ದ ಮೇಲೆ 37,500ಕ್ಕೆ ಇಳಿಸಿದರು. ಇಳಿಸಿದರೂ ಎರಡು ಪಟ್ಟಿಗಿಂತ ಜಾಸ್ತಿ ಆಯಿತು. ಬೆಲೆ ಏರಿದ ಹಾಗೆ ಸಂಬಳವೂ ತಾನಾಗಿ ಏರುವ ವ್ಯವಸ್ಥೆಯನ್ನೂ ಅದರಲ್ಲೇ ಸೇರಿಸಿದ್ದರು. ಜಾರಿ ಜುಲೈ 1ರಿಂದ. ಅಂದರೆ ಮತ ಹಾಕಿದ ಶಾಸಕರ ಜೇಬಿಗೇ ಮುಂದಿನ ತಿಂಗಳಿನಿಂದ ದುಡ್ಡು.

ಜಿಂದಾಲ್ ಚುನಾವಣೆಗೆ ಮುಂಚೆ ಬರವಣಿಗೆಯಲ್ಲೇ ಒಂದು ಮಾತು ಕೊಟ್ಟಿದ್ದರು. ಶಾಸಕರು ತಮ್ಮ ಸಂಬಳ ಏರಿಸಿಕೊಂಡರೆ ಅದು ಮುಂದಿನ ಚುನಾವಣೆ ಆದ ಮೇಲೇ ಜಾರಿಗೆ ಬರಬೇಕು, ಅದಕ್ಕೆ ಮುಂಚೆ ಬರಲು ಬಿಡುವುದಿಲ್ಲ ಅಂತ. ಈಗ ಮಸೂದೆ ಮೇಜಿನ ಮೇಲೆ ಬಂದಾಗ ಏನು ಹೇಳಿದರು ಗೊತ್ತಾ? ಏರಿಕೆ ಜಾಸ್ತಿಯಾಯಿತು, ನಾನು ಸಹಿ ಹಾಕುವುದಿಲ್ಲ. ಆದರೆ ಇದು ಶಾಸಕಾಂಗದ ಮನೆಯ ವಿಷಯ, ವೀಟೋ ಮಾಡಿ ತಡೆಯುವುದೂ ಇಲ್ಲ. ಅಲ್ಲಿನ ನಿಯಮದ ಪ್ರಕಾರ ಗವರ್ನರ್ ಗೊತ್ತಾದ ದಿನಗಳೊಳಗೆ ಏನೂ ಮಾಡದಿದ್ದರೆ ಸಹಿ ಇಲ್ಲದೆಯೇ ಮಸೂದೆ ಕಾನೂನಾಗುತ್ತದೆ. ವೀಟೋ ಮಾಡಿದರೆ ಶಾಸಕರು ತನ್ನ ಬೇರೆ ಯೋಜನೆಗಳಿಗೆ ಅಡ್ಡ ಬರುತ್ತಾರೆ ಅನ್ನುವ ಭಯವನ್ನೂ ಅವರು ಮುಚ್ಚಿಡಲಿಲ್ಲ.

ಜನರ ಸಿಟ್ಟು ನೋಡಬೇಕಿತ್ತು. ಅದೇ ಜೂನ್‌ನಲ್ಲಿ ಪೆಟ್ರೋಲ್ ಗ್ಯಾಲನ್‌ಗೆ 4 ಡಾಲರ್ ಮುಟ್ಟಿತ್ತು. ಕತ್ರಿನಾ ಚಂಡಮಾರುತ ಹೊಡೆದು ಮೂರು ವರ್ಷವೂ ಆಗಿರಲಿಲ್ಲ. ಮನೆ ರಿಪೇರಿ ಆಗದ ಜನ ಇನ್ನೂ ಇದ್ದರು. ಕನಿಷ್ಠ ಕೂಲಿ ಗಂಟೆಗೆ 5.85 ಡಾಲರ್. ವಾರಕ್ಕೆ 40 ಗಂಟೆ, ವರ್ಷ ಪೂರ್ತಿ ದುಡಿದರೂ 12,000 ಡಾಲರ್ ಚಿಲ್ಲರೆ. ಬೆಳಗ್ಗೆ ರೇಡಿಯೋ ಹಾಕಿದರೆ ಬರೀ ಇದೇ. ಶಾಸಕರ ಕಚೇರಿಯ ಫೋನುಗಳು ಸುಮ್ಮನಾಗಲಿಲ್ಲ. ಗವರ್ನರ್ ಅವರನ್ನೇ ವಾಪಸ್ ಕರೆಸಬೇಕು ಅಂತ ಅರ್ಜಿ ಸಲ್ಲಿಕೆಯಾಯಿತು. ರಾಜ್ಯದ ನೋಂದಾಯಿತ ಮತದಾರರಲ್ಲಿ ಮೂರನೇ ಒಂದು ಭಾಗ ಜನರ ಸಹಿ ಬೇಕಿತ್ತು, ಅದೂ 180 ದಿನದಲ್ಲಿ. ಆಗುವ ಮಾತಲ್ಲ. ಆದರೂ ಜನ ಸಹಿ ಹಾಕಲು ತಯಾರಿದ್ದರು.

ನಮ್ಮ ಪಕ್ಕದ ಮನೆಯಲ್ಲಿ ಒಬ್ಬ ಅಜ್ಜ ಇದ್ದರು. ಎಣ್ಣೆ ಶುದ್ಧೀಕರಣ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಹಿತ್ತಲಲ್ಲಿ ಬೆಂಡೆಕಾಯಿ ಬೆಳೆದು ನನಗೂ ಒಂದು ಚೀಲ ಕೊಡುತ್ತಿದ್ದರು. ಅವರು ಜಿಂದಾಲ್‌ಗೆ ಮತ ಹಾಕಿದವರು. ಆ ಜೂನ್‌ನಲ್ಲಿ ಅವರು ಅಡುಗೆಮನೆ ಮೇಜಿನ ಹತ್ತಿರ ಕೂತು ಗವರ್ನರ್‌ಗೆ ಕೈಯಲ್ಲಿ ಕಾಗದ ಬರೆದರು. ಪದ ಸರಿಯಾಗಿದೆಯಾ ನೋಡು ಅಂತ ನನಗೆ ಓದಿ ಹೇಳಿದರು. ದುಡ್ಡಿನ ಬಗ್ಗೆ ಅದರಲ್ಲಿ ಒಂದೇ ಸಾಲು ಇತ್ತು. ಉಳಿದದ್ದೆಲ್ಲ ಕೊಟ್ಟ ಮಾತಿನ ಬಗ್ಗೆ.

ಜೂನ್ 30ರಂದು, ಏರಿಕೆ ಜಾರಿಯಾಗುವ ಹಿಂದಿನ ದಿನ, ಜಿಂದಾಲ್ ವೀಟೋ ಮಾಡಿದರು. ಮಧ್ಯೆ ಬರುವುದಿಲ್ಲ ಅಂತ ಶಾಸಕರಿಗೆ ಹೇಳಿದ್ದು ತಪ್ಪಾಯಿತು ಅಂತ ಒಪ್ಪಿಕೊಂಡರು.

ನನ್ನ ಅಭಿಪ್ರಾಯ ಇಷ್ಟು. ತಡೆಯುವ ಅಧಿಕಾರ ಕೈಯಲ್ಲಿದ್ದವರು ಸುಮ್ಮನೆ ಕೂತರೆ ಅದು ಒಪ್ಪಿಗೆಯೇ. ಸಹಿ ಹಾಕಿಲ್ಲ ಅನ್ನುವುದು ನೆಪ. ನಿಮಗೆ ಏನನ್ನಿಸುತ್ತದೆ?

ಮಲ್ಲಿಗೆಮೊಗ್ಗು:

ಚೆನ್ನಾಗಿ ಬರೆದಿದ್ದೀರಿ ಸರ್. ನನಗೊಂದು ಅನುಮಾನ. ಗವರ್ನರ್ ಅಂದರೆ ನಮ್ಮ ರಾಜ್ಯಪಾಲರ ಹಾಗೆಯೇ ಅಲ್ವಾ? ಹಾಗಾದರೆ ನಮ್ಮಲ್ಲೂ ರಾಜ್ಯಪಾಲರು ಶಾಸಕರ ಸಂಬಳ ಏರಿಕೆಯನ್ನು ತಡೆಯಬಹುದಿತ್ತಾ?

ಕಪ್ಪುಕೋಟು:

ಮೇಡಂ, ಹೆಸರು ಒಂದೇ, ಹುದ್ದೆ ಬೇರೆ. ಅಲ್ಲಿ ಗವರ್ನರ್ ಅವರನ್ನು ಜನ ನೇರವಾಗಿ ಮತ ಹಾಕಿ ಆರಿಸುತ್ತಾರೆ. ಸರ್ಕಾರ ನಡೆಸುವುದು ಅವರೇ. ಅಧಿಕಾರದ ಲೆಕ್ಕದಲ್ಲಿ ನಮ್ಮ ಮುಖ್ಯಮಂತ್ರಿಗೆ ಹತ್ತಿರ. ಆದರೆ ಮುಖ್ಯಮಂತ್ರಿಯ ಹಾಗೆ ಸದನದ ಬಹುಮತದ ಮೇಲೆ ನಿಂತವರಲ್ಲ. ಹಾಗಾಗಿ ಸದನಕ್ಕೆ ಇಲ್ಲ ಅನ್ನಬಹುದು. ವೀಟೋ ಮಾಡಿದರೆ ಎರಡೂ ಸದನಗಳಲ್ಲಿ ಮೂರನೇ ಎರಡು ಭಾಗ ಮತ ಸಿಕ್ಕಿದರೆ ಮಾತ್ರ ಶಾಸಕರು ಅದನ್ನು ದಾಟಲು ಆಗುತ್ತದೆ.

ನಮ್ಮ ರಾಜ್ಯಪಾಲರನ್ನು ನೇಮಿಸುವುದು ರಾಷ್ಟ್ರಪತಿ. ಸಂವಿಧಾನದ 200ನೇ ವಿಧಿಯಲ್ಲಿ ಅಂಕಿತ ಹಾಕುವುದು, ತಡೆಹಿಡಿಯುವುದು, ಮರುಪರಿಶೀಲನೆಗೆ ಕಳಿಸುವುದು, ರಾಷ್ಟ್ರಪತಿಗೆ ಕಾಯ್ದಿಡುವುದು ಎಲ್ಲ ಇದೆ. ಆದರೆ ಮರುಪರಿಶೀಲನೆಗೆ ಕಳಿಸಿದ ಮಸೂದೆಯನ್ನು ಸದನ ಮತ್ತೆ ಪಾಸು ಮಾಡಿದರೆ ಅಂಕಿತ ಹಾಕಲೇಬೇಕು. ಜನರಿಂದ ಆರಿಸಿ ಬರದವರು ಆರಿಸಿ ಬಂದ ಸದನವನ್ನು ತಡೆಯುವುದೂ ಒಳ್ಳೆಯದಲ್ಲ. ಹಾಗಾಗಿ ಈ ವಿಷಯದಲ್ಲಿ ರಾಜಭವನದ ಕಡೆ ನೋಡಿ ಉಪಯೋಗ ಇಲ್ಲ. ನಮ್ಮಲ್ಲಿ 195ನೇ ವಿಧಿಯ ಪ್ರಕಾರ ಶಾಸಕರ ಸಂಬಳವನ್ನು ಶಾಸಕರೇ ಕಾನೂನು ಮಾಡಿ ಗೊತ್ತುಮಾಡುತ್ತಾರೆ.

ಹೊಳೆದಂಡೆಯವರು ಹೇಳಿದ ಜಿಂದಾಲ್ ಅವರ ಭರವಸೆ ಹೊಸದೇನಲ್ಲ. ಅಮೆರಿಕದ ಸಂವಿಧಾನದ 27ನೇ ತಿದ್ದುಪಡಿ ಅದೇ. ಸಂಸತ್ ಸದಸ್ಯರ ಸಂಬಳ ಬದಲಾದರೆ, ಕೆಳಮನೆಗೆ ಒಂದು ಚುನಾವಣೆ ನಡೆದ ಮೇಲೇ ಅದು ಜಾರಿಗೆ ಬರಬೇಕು. ಜೇಮ್ಸ್ ಮ್ಯಾಡಿಸನ್ ಇದನ್ನು ಮುಂದಿಟ್ಟದ್ದು 1789ರಲ್ಲಿ. ಸಾಕಷ್ಟು ರಾಜ್ಯಗಳು ಒಪ್ಪದೆ ಅದು ಮೂಲೆಗೆ ಬಿದ್ದಿತ್ತು. 1982ರಲ್ಲಿ ಟೆಕ್ಸಸ್‌ನ ಗ್ರೆಗರಿ ವಾಟ್ಸನ್ ಅನ್ನುವ ವಿದ್ಯಾರ್ಥಿ ಕಾಲೇಜಿನ ಪ್ರಬಂಧದಲ್ಲಿ, ಇದಕ್ಕೆ ಇನ್ನೂ ಜೀವ ಇದೆ, ಈಗಲೂ ಅಂಗೀಕರಿಸಬಹುದು ಅಂತ ಬರೆದರು. ಅವರಿಗೆ ಸಿಕ್ಕಿದ್ದು ‘ಸಿ’ ದರ್ಜೆ. ಅಲ್ಲಿಗೆ ಬಿಡಲಿಲ್ಲ. ಒಂದೊಂದೇ ರಾಜ್ಯದ ಶಾಸಕರಿಗೆ ಕಾಗದ ಬರೆಯುತ್ತಾ ಹತ್ತು ವರ್ಷ ಕಳೆದರು. 1992ರಲ್ಲಿ ತಿದ್ದುಪಡಿ ಸಂವಿಧಾನಕ್ಕೆ ಸೇರಿತು, ಸುಮಾರು 203 ವರ್ಷಗಳ ಮೇಲೆ. ನಾನು ಕಿರಿಯ ವಕೀಲರಿಗೆ ಈ ಕಥೆಯನ್ನು ಯಾವಾಗಲೂ ಹೇಳುತ್ತೇನೆ. ಆದರೆ ಈ ತಿದ್ದುಪಡಿ ರಾಜ್ಯಗಳ ಶಾಸನಸಭೆಗೆ ಅನ್ವಯಿಸುವುದಿಲ್ಲ. ಅದಕ್ಕೇ ಲೂಯಿಸಿಯಾನದಲ್ಲಿ ಜನ ಗವರ್ನರ್ ಮಾತನ್ನು ನಂಬಿಕೊಂಡು ಕೂರಬೇಕಾಯಿತು.

ಮಾಜಿ ಸದಸ್ಯ:

ನಾನು ಐದು ವರ್ಷ ಗ್ರಾಮ ಪಂಚಾಯಿತಿ ಸದಸ್ಯನಾಗಿದ್ದೆ. ನನ್ನ ಕಾಲದಲ್ಲಿ ತಿಂಗಳಿಗೆ ಸಾವಿರ ರೂಪಾಯಿ ಗೌರವಧನ. ನೀರಿನ ಮೋಟಾರು ಸುಟ್ಟಿತು ಅಂತ ರಾತ್ರಿ ಹನ್ನೊಂದಕ್ಕೆ ಫೋನ್ ಬರುತ್ತಿತ್ತು. ತಾಲ್ಲೂಕು ಕಚೇರಿಗೆ ಓಡಾಡಿದ ಪೆಟ್ರೋಲೇ ಆ ಸಾವಿರ ದಾಟುತ್ತಿತ್ತು. ಎರಡು ಎಕರೆ ಅಡಿಕೆ ಇದ್ದುದರಿಂದ ನಾನು ತಡೆದುಕೊಂಡೆ. ನನ್ನ ಜೊತೆ ಗೆದ್ದಿದ್ದ ಕೂಲಿ ಕೆಲಸದ ತಂಗಿಯೊಬ್ಬಳು ಸಭೆಗೆ ಬಂದರೆ ಆ ದಿನದ ಕೂಲಿ ಹೋಗುತ್ತಿತ್ತು. ಎರಡನೇ ವರ್ಷದಿಂದ ಸಭೆಗೆ ಬರುವುದೇ ಅಪರೂಪವಾಯಿತು.

ಅದಕ್ಕೇ ಕೇಳುತ್ತೇನೆ, 28 ವರ್ಷ ಒಂದೇ ಸಂಬಳ ಅಂದರೆ ನ್ಯಾಯವಾ? ಅಷ್ಟು ಕಡಿಮೆ ಕೊಟ್ಟರೆ ಯಾರು ಚುನಾವಣೆಗೆ ನಿಲ್ಲುತ್ತಾರೆ? ವಕೀಲರು, ಕಂಟ್ರಾಕ್ಟರುಗಳು, ಆಸ್ತಿ ಇದ್ದವರು. ಮೇಷ್ಟ್ರು, ನರ್ಸು, ಡ್ರೈವರು ನಿಲ್ಲಲು ಆಗುತ್ತದಾ? ಜನರ ಸಿಟ್ಟಿಗೆ ಹೆದರಿ ಮತ್ತೆ ಅದೇ ಹಳೇ ಸಂಬಳದಲ್ಲಿ ಇಟ್ಟರೆ ಗೆದ್ದವರು ಯಾರು? ನನಗಂತೂ ಆ ವೀಟೋ ಖುಷಿ ಕೊಡಲಿಲ್ಲ.

ಹೊಳೆದಂಡೆ:

ನಿಮ್ಮ ಮಾತನ್ನು ತಳ್ಳಿಹಾಕಲು ನನ್ನಿಂದ ಆಗುವುದಿಲ್ಲ ಸರ್. ನಿಜ ಹೇಳಬೇಕಂದರೆ ನಾನೂ ಆಗ ಲೆಕ್ಕ ಹಾಕಿ ನೋಡಿದ್ದೆ. ಬೆಲೆ ಏರಿಕೆ ಹಿಡಿದರೆ 1980ರ 16,800 ಡಾಲರ್ 2008ಕ್ಕೆ ಸುಮಾರು 44,000 ಆಗಬೇಕು. ಅಂದರೆ ಶಾಸಕರು ಕೇಳಿದ 37,500 ಹಳೇ ಸಂಬಳದ ಬೆಲೆಯನ್ನೂ ಮುಟ್ಟುತ್ತಿರಲಿಲ್ಲ. ಪಕ್ಕದ ಮನೆಯ ಅಜ್ಜನಿಗೆ ಈ ಲೆಕ್ಕ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ನಿಧಾನವಾಗಿ ನೋಡಿದರು. ಸರಿ, ಕೊಡಲಿ, ಆದರೆ 2012ರಲ್ಲಿ ಹೊಸ ಸದನ ಕೂತಾಗಿನಿಂದ ಕೊಡಲಿ ಅಂದರು. ಮುಂದಿನ ಚುನಾವಣೆ ಇದ್ದದ್ದು 2011ರ ಕೊನೆಗೆ. ಅಲ್ಲಿಯವರೆಗೆ ಕಾಯಬಹುದಿತ್ತು. ಆಗ ಈ ಗಲಾಟೆಯ ಕಾಲು ಭಾಗವೂ ಆಗುತ್ತಿರಲಿಲ್ಲ ಅಂತ ನಾನು ಈಗಲೂ ನಂಬಿದ್ದೇನೆ.

ಆ ಸದನದಲ್ಲಿ ಬಹಳ ಜನ ಹೊಸಬರು. ಅಧಿಕಾರದ ಅವಧಿಗೆ ಮಿತಿ ಹಾಕಿದ ಕಾನೂನಿನಿಂದ 2007ರಲ್ಲಿ ಹಳಬರು ಸಾಲಾಗಿ ಮನೆಗೆ ಹೋಗಿದ್ದರು. ಸಂಬಳ 16,800 ಅಂತ ಗೊತ್ತಿದ್ದೇ ಅರ್ಜಿ ಹಾಕಿ, ಮತ ಕೇಳಿ ಬಂದ ಇವರು ಆರೇ ತಿಂಗಳಲ್ಲಿ ಎರಡು ಪಟ್ಟು ಬೇಕು ಅಂದರೆ ಜನಕ್ಕೆ ಹೇಗಾಗಬೇಡ?

ಫಿಲಡೆಲ್ಫಿಯಾ ಕನ್ನಡಿಗ:

ನಾನು ಪೆನ್ಸಿಲ್ವೇನಿಯಾದಲ್ಲಿ ಇಪ್ಪತ್ತೈದು ವರ್ಷದಿಂದ ಇದ್ದೇನೆ. ನಮ್ಮಲ್ಲಿ ಇದಕ್ಕೂ ಮೂರು ವರ್ಷ ಮುಂಚೆ ಇಂಥದ್ದೇ ಆಯಿತು, ಇನ್ನೂ ಜೋರಾಗಿ. ಸ್ವಲ್ಪ ಉದ್ದ ಆಗುತ್ತದೆ, ಓದಿ.

2005ರ ಜುಲೈ 7, ರಾತ್ರಿ ಎರಡು ಗಂಟೆ. ರಾಜಧಾನಿ ಹ್ಯಾರಿಸ್‌ಬರ್ಗ್‌ನಲ್ಲಿ ಶಾಸಕರು ಚರ್ಚೆ ಇಲ್ಲದೆ, ಜನರ ಅಹವಾಲು ಕೇಳದೆ, ತಮ್ಮ ಸಂಬಳ ಏರಿಸಿಕೊಂಡರು. ಸಾಮಾನ್ಯ ಸದಸ್ಯರಿಗೆ 69,647 ಡಾಲರ್ ಇದ್ದದ್ದು 81,050 ಆಯಿತು. ನಾಯಕರಿಗೆ 54 ಶೇಕಡಾದವರೆಗೆ ಏರಿಕೆ. ನ್ಯಾಯಾಧೀಶರ ಸಂಬಳವೂ ಅದೇ ಮಸೂದೆಯಲ್ಲಿ ಏರಿತು. ಗವರ್ನರ್ ಎಡ್ ರೆಂಡೆಲ್ ಸಹಿ ಹಾಕಿಬಿಟ್ಟರು. ಜಿಂದಾಲ್ ಹಾಗೆ ಅತ್ತ ಇತ್ತ ಆಡಲಿಲ್ಲ, ನೇರವಾಗಿ ಹಾಕಿದರು.

ನಮ್ಮ ರಾಜ್ಯದ ಸಂವಿಧಾನದಲ್ಲಿ ಶಾಸಕರು ತಮ್ಮ ಅವಧಿಯ ನಡುವೆ ಏರಿದ ಸಂಬಳ ಪಡೆಯಬಾರದು ಅಂತ ಸ್ಪಷ್ಟವಾಗಿ ಇದೆ. ಅದನ್ನು ದಾಟಲು ಅವರು ಹುಡುಕಿದ ದಾರಿ ಏನು ಗೊತ್ತಾ? ಏರಿದ ಭಾಗವನ್ನು ಸಂಬಳ ಅನ್ನದೆ, ರಸೀದಿ ಬೇಡದ ಖರ್ಚು ಅಂತ ಬರೆದು ತಕ್ಷಣ ತೆಗೆದುಕೊಂಡರು. ನನಗೆ ಇಂದಿಗೂ ಸಹಿಸಲಾಗದ್ದು ಇದೇ. ನನ್ನ ಕೆಲಸದಲ್ಲಿ ಊಟದ ರಸೀದಿ ಒಂದು ಕಳೆದರೆ ದುಡ್ಡು ಕೊಡುವುದಿಲ್ಲ. ಕಾನೂನು ಮಾಡುವವರಿಗೆ ರಸೀದಿಯೇ ಬೇಡ!

ಜನ ಬೇಸಿಗೆ ಪೂರ್ತಿ ಬಿಡಲಿಲ್ಲ. ಶಾಸನಸಭೆಯ ಮೆಟ್ಟಿಲ ಹತ್ತಿರ ಮನೆ ಎತ್ತರದ ಗುಲಾಬಿ ಬಣ್ಣದ ಹಂದಿಯ ಬಲೂನು ತಂದು ನಿಲ್ಲಿಸಿದರು. ತಂದದ್ದು ಜೀನ್ ಸ್ಟಿಲ್ಪ್ ಅನ್ನುವ ಹೋರಾಟಗಾರ. ಅವರೇ ಕೋರ್ಟಿಗೂ ಹೋದರು. ಇರುವ ಎಲ್ಲ ಶಾಸಕರನ್ನೂ ಸೋಲಿಸಿ ಅಂತ ಇನ್ನೊಂದು ಚಳವಳಿ ಶುರುವಾಯಿತು.

ಆ ನವೆಂಬರ್‌ನಲ್ಲಿ ಶಾಸಕರ ಚುನಾವಣೆ ಇರಲಿಲ್ಲ. ಮತಪತ್ರದಲ್ಲಿ ಇದ್ದದ್ದು ರಾಜ್ಯ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಾಧೀಶರು, ಮುಂದುವರಿಯಬೇಕೇ ಬೇಡವೇ ಅನ್ನುವ ಪ್ರಶ್ನೆಗೆ. ಸಿಟ್ಟೆಲ್ಲ ಅಲ್ಲಿಗೆ ಹರಿಯಿತು. ರಸೆಲ್ ನೀಗ್ರೊ ಸೋತರು. ಅಂಥ ಮತದಾನದಲ್ಲಿ ಆ ಕೋರ್ಟಿನ ನ್ಯಾಯಾಧೀಶರೊಬ್ಬರು ಸೋತದ್ದು ಅದೇ ಮೊದಲು. ಇನ್ನೊಬ್ಬರು ಕೂದಲೆಳೆಯಲ್ಲಿ ಉಳಿದರು. ಮಸೂದೆಗೆ ಮತ ಹಾಕಿದ್ದು ಅವರಲ್ಲ. ನನಗೆ ಅದು ಅನ್ಯಾಯ ಅನ್ನಿಸಿತು, ಆದರೂ ಎದುರಿಗೆ ಸಿಕ್ಕವರ ಮೇಲೆ ಜನ ಸಿಟ್ಟು ತೀರಿಸಿಕೊಂಡರು.

ಅದಾಗಿ ಒಂದೇ ವಾರದಲ್ಲಿ ಮಸೂದೆ ರದ್ದು. ಸೆನೆಟ್‌ನಲ್ಲಿ 50ಕ್ಕೆ 50. ಕೆಳಮನೆಯಲ್ಲಿ 197 ಜನ ರದ್ದು ಮಾಡಿ ಅಂದರು, ಬೇಡ ಅಂದವರು ಒಬ್ಬರೇ, ಮೈಕ್ ವಿಯಾನ್. ನವೆಂಬರ್ 16ರಂದು ರೆಂಡೆಲ್ ಈ ಸಲ ರದ್ದತಿಗೆ ಸಹಿ ಹಾಕಿದರು. ಜನ ಮರೆಯಲಿಲ್ಲ. 2006ರ ಮೇ ತಿಂಗಳಲ್ಲಿ ಪಕ್ಷದೊಳಗಿನ ಚುನಾವಣೆಯಲ್ಲೇ 17 ಶಾಸಕರು ಸೋತರು. ಅದರಲ್ಲಿ ಸೆನೆಟ್‌ನ ಇಬ್ಬರು ಅತಿ ದೊಡ್ಡ ನಾಯಕರೂ ಇದ್ದರು. ವಿಯಾನ್ ಆ ನವೆಂಬರ್‌ನಲ್ಲಿ ಸೋತರು.

ಆದರೆ ಅದೇ ನವೆಂಬರ್‌ನಲ್ಲಿ ಸಹಿ ಹಾಕಿದ ಗವರ್ನರ್ ರೆಂಡೆಲ್ ಸುಮಾರು 60 ಶೇಕಡಾ ಮತ ಪಡೆದು ಮತ್ತೆ ಗೆದ್ದರು. ಇದನ್ನು ಹೇಗೆ ಅರ್ಥ ಮಾಡಿಕೊಳ್ಳುತ್ತೀರಿ?

ತುಂಗೆತೀರ:

ನಾನು ಇಲ್ಲಿಯವರೆಗೆ ಸುಮ್ನೆ ಓದುತ್ತಿದ್ದೆ. ಚರ್ಚೆ ಇಲ್ಲದೆ ಪಾಸು ಮಾಡಿದರು ಅಂದಿರಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ನಮ್ಮ ಅಕ್ಕ ಆಶಾ ಕಾರ್ಯಕರ್ತೆ. 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ನಾಲ್ಕು ದಿನ ಚಳಿಯಲ್ಲಿ ಕೂತಿದ್ದರು. ಸಾವಿರಾರು ಹೆಣ್ಣುಮಕ್ಕಳು. ಕೇಳಿದ್ದು ತಿಂಗಳಿಗೆ 15,000. ಸರ್ಕಾರ 10,000 ಸಿಗುವ ಹಾಗೆ ಮಾಡುತ್ತೇವೆ ಅಂತ ಹೇಳಿ ಎಬ್ಬಿಸಿ ಕಳಿಸಿತು. ಅಕ್ಕ ಊರಿಗೆ ಬಂದಾಗ ಗಂಟಲು ಕಟ್ಟಿ ಮಾತೇ ಹೊರಡುತ್ತಿರಲಿಲ್ಲ.

ಎರಡು ತಿಂಗಳು ಕಳೆದು, ಮಾರ್ಚ್ 21ರಂದು, ಶಾಸಕರ ಸಂಬಳ 40,000ದಿಂದ 80,000 ಆಯಿತು. ಮುಖ್ಯಮಂತ್ರಿಗೆ 75,000ದಿಂದ 1.5 ಲಕ್ಷ. ಅದು ಬರೀ ಸಂಬಳ, ಭತ್ಯೆಗಳು ಬೇರೆ. ಸದನದಲ್ಲಿ ಗದ್ದಲ ಜೋರಾಗಿತ್ತು. ಕಾಗದ ಹರಿದು ಎಸೆದರು, 18 ಜನ ಬಿಜೆಪಿ ಶಾಸಕರನ್ನು ಅಮಾನತು ಮಾಡಿದರು. ಆ ಗದ್ದಲದ ನಡುವೆಯೇ ಮಸೂದೆ ಪಾಸು. ಬೇರೆ ಎಲ್ಲದಕ್ಕೂ ಜಗಳ ಆಡಿದ ಎರಡು ಕಡೆಯವರು ಇದಕ್ಕೆ ಮಾತ್ರ ಜಗಳ ಆಡಲಿಲ್ಲ. 2022ರ ಫೆಬ್ರವರಿಯಲ್ಲೂ, ಬೇರೆ ಪಕ್ಷದ ಸರ್ಕಾರ ಇದ್ದಾಗ, ಹೀಗೆಯೇ ಗದ್ದಲದಲ್ಲೇ ಏರಿಸಿಕೊಂಡಿದ್ದರು.

ಮಾಜಿ ಸದಸ್ಯರು ಹೇಳಿದ್ದು ಒಪ್ಪುತ್ತೇನೆ. ಶಾಸಕರಿಗೂ ಖರ್ಚಿದೆ. ಮದುವೆ, ತಿಥಿ, ಆಸ್ಪತ್ರೆ ಅಂತ ಜನ ಮನೆ ಬಾಗಿಲಿಗೆ ಬರುತ್ತಾರೆ. ಆದರೆ ಆ ಮಾತನ್ನು ಸದನದಲ್ಲಿ ಎದ್ದು ನಿಂತು ಹೇಳಲಿ. ನನ್ನ ಅಕ್ಕನ ಕಣ್ಣು ನೋಡಿ ಹೇಳಲಿ. ಅಕ್ಕ ಕೆಟ್ಟವಳಲ್ಲ, ಲೆಕ್ಕ ಸರಿಯಿದ್ದರೆ ಒಪ್ಪುತ್ತಾಳೆ. ಬಿಪಿ, ಬಾಣಂತಿ, ಕೂಸಿನ ತೂಕ ಅಂತ ಅವಳು ದಿನಾ ಲೆಕ್ಕ ಬರೆಯುವವಳೇ.

ಕಪ್ಪುಕೋಟು:

ತುಂಗೆತೀರ ಅವರೇ, ನಿಮ್ಮ ಅಕ್ಕನಿಗೆ ನನ್ನ ನಮಸ್ಕಾರ ಹೇಳಿ. ಒಂದು ಸೇರಿಸುತ್ತೇನೆ. ಅದಾದ ಮೂರೇ ದಿನಕ್ಕೆ, ಮಾರ್ಚ್ 24ರಂದು, ಸಂಸದರ ಸಂಬಳವೂ 1 ಲಕ್ಷದಿಂದ 1.24 ಲಕ್ಷಕ್ಕೆ ಏರಿದ ಪ್ರಕಟಣೆ ಬಂತು, 2023ರ ಏಪ್ರಿಲ್‌ನಿಂದ ಪೂರ್ವಾನ್ವಯವಾಗಿ. ಅಲ್ಲಿ 2018ರಲ್ಲೇ ಕಾನೂನು ಮಾಡಿ ಐದು ವರ್ಷಕ್ಕೊಮ್ಮೆ ಬೆಲೆ ಏರಿಕೆಯ ಸೂಚ್ಯಂಕದ ಪ್ರಕಾರ ಏರುವ ಹಾಗೆ ಮಾಡಿದ್ದಾರೆ. ಸದನದಲ್ಲಿ ಪ್ರತಿ ಸಲ ಮತ ಹಾಕುವ ಕೆಲಸ ಇಲ್ಲ. ಇದರಲ್ಲಿ ಒಳ್ಳೆಯದೂ ಇದೆ, ಒಮ್ಮೆಲೇ ಎರಡು ಪಟ್ಟು ಆಗುವುದಿಲ್ಲ. ಆದರೆ ಹಿಂದಿನ ಎರಡು ವರ್ಷದ ಬಾಕಿಯನ್ನೂ ಸೇರಿಸಿ ಕೊಡುವುದು ನನಗೆ ಸರಿ ಕಾಣಲಿಲ್ಲ. ಕೂಲಿ ಮಾಡುವವರಿಗೆ ಯಾರೂ ಹಾಗೆ ಬಾಕಿ ಕೊಡುವುದಿಲ್ಲ.

ಜೋಳದರೊಟ್ಟಿ:

ಎಲ್ಲರೂ ಜಿಂದಾಲ್ ಮೇಲೆ ಬಿದ್ದಿದ್ದೀರಿ. ನಾನು ಅವರ ಪರವಾಗಿ ಎರಡು ಮಾತು ಹೇಳುತ್ತೇನೆ. ಐದೂವರೆ ತಿಂಗಳ ಹಿಂದೆ ಕುರ್ಚಿಗೆ ಬಂದ ಮನುಷ್ಯ. 144 ಶಾಸಕರ ಜೊತೆ ನಾಲ್ಕು ವರ್ಷ ಕೆಲಸ ಮಾಡಬೇಕು. ಮೊದಲ ವರ್ಷವೇ ಅವರ ಜೇಬಿಗೆ ಕೈ ಹಾಕಿದರೆ ಶಾಲೆ, ರಸ್ತೆ, ಉದ್ಯೋಗ ಯಾವ ಮಸೂದೆ ಮುಂದೆ ಹೋಗುತ್ತದೆ? ಒಂದು ಸಣ್ಣ ವಿಷಯ ಬಿಟ್ಟುಕೊಟ್ಟು ದೊಡ್ಡದನ್ನು ಉಳಿಸಿಕೊಳ್ಳೋಣ ಅಂತ ಅಂದುಕೊಂಡಿರಬಹುದು. ಮನೆ ನಡೆಸುವವರೂ ಹಾಗೆ ಮಾಡುತ್ತಾರಲ್ಲ.

ಕೊನೆಗೆ ಎಲ್ಲರ ಮುಂದೆ ತಪ್ಪು ಒಪ್ಪಿಕೊಂಡರು. ನಮ್ಮ ಕಡೆ ಯಾವ ನಾಯಕರು ತಪ್ಪು ಒಪ್ಪಿಕೊಂಡು ಮಸೂದೆ ವಾಪಸ್ ತೆಗೆದುಕೊಂಡಿದ್ದಾರೆ? ಸಿಟ್ಟು ಬಂದಾಗ ಬೈಯುವ ಜನ, ತಿದ್ದಿಕೊಂಡಾಗ ಶಭಾಷ್ ಅನ್ನಬೇಕು.

ಹೊಳೆದಂಡೆ:

ತಿದ್ದಿಕೊಂಡದ್ದು ಒಳ್ಳೆಯದೇ. ನಾನೂ ಆ ದಿನ ಸಂತೋಷಪಟ್ಟೆ. ಆದರೆ ಆ ಎರಡು ವಾರದಲ್ಲಿ ಅವರು ಎರಡು ಕಡೆ ಮಾತು ಕೊಟ್ಟ ಹಾಗಾಗಿತ್ತು. ಜನರಿಗೆ ಚುನಾವಣೆಗೆ ಮುಂಚೆ ಕೊಟ್ಟದ್ದು ಒಂದು. ವೀಟೋ ಮಾಡುವುದಿಲ್ಲ ಅಂತ ಶಾಸಕರಿಗೆ ಕೊಟ್ಟದ್ದು ಇನ್ನೊಂದು. ಎರಡೂ ಒಟ್ಟಿಗೆ ಉಳಿಯುವ ಹಾಗಿರಲಿಲ್ಲ. ಶಾಸಕರು ಆ ಮಾತು ನಂಬಿ ಜನರ ಬೈಗುಳ ತಿಂದಿದ್ದರು. ಸಭಾಧ್ಯಕ್ಷ ಜಿಮ್ ಟಕರ್ ಅವರದೇ ಪಕ್ಷದವರು, ಏರಿಕೆಯ ಪರ ಮುಂದೆ ನಿಂತವರು. ಅಂಥವರಿಗೆ ಕೊನೆ ಗಳಿಗೆಯಲ್ಲಿ ನಡುನೀರಿನಲ್ಲಿ ಕೈಬಿಟ್ಟ ಹಾಗಾಯಿತು. ಮೊದಲ ವಾರವೇ ಇದು ನಡೆಯುವುದಿಲ್ಲ ಅಂತ ಗಟ್ಟಿಯಾಗಿ ಹೇಳಿದ್ದರೆ ಮಸೂದೆ ಅವರ ಮೇಜಿಗೆ ಬರುತ್ತಲೇ ಇರಲಿಲ್ಲ ಅಂತ ನನಗೆ ಅನ್ನಿಸುತ್ತದೆ. ಹಾಗಾಗಿ ಮನೆ ನಡೆಸುವ ಹೋಲಿಕೆ ನನಗೆ ಹಿಡಿಸಲಿಲ್ಲ. ಮನೆಯಲ್ಲೂ ಅಪ್ಪ ಮಗಳಿಗೊಂದು, ಮಗನಿಗೊಂದು ಹೇಳಿದರೆ ಸಂಜೆ ಊಟಕ್ಕೆ ಕೂತಾಗ ಗೊತ್ತಾಗಿಬಿಡುತ್ತದೆ.

ಫಿಲಡೆಲ್ಫಿಯಾದವರ ಪ್ರಶ್ನೆಗೆ ಬರುತ್ತೇನೆ. ಜಿಂದಾಲ್ ಕೂಡ 2011ರಲ್ಲಿ ಸುಮಾರು 66 ಶೇಕಡಾ ಮತ ತೆಗೆದುಕೊಂಡು ಗೆದ್ದರು. ನನಗೆ ಕಂಡ ಹಾಗೆ, ತಮ್ಮ ಜೇಬಿಗೆ ದುಡ್ಡು ಹಾಕಿಕೊಂಡವರನ್ನು ಜನ ಒಂದು ರೀತಿ ನೋಡುತ್ತಾರೆ, ಅದಕ್ಕೆ ಬಾಗಿಲು ತೆರೆದವರನ್ನು ಇನ್ನೊಂದು ರೀತಿ ನೋಡುತ್ತಾರೆ. ಏರಿಕೆ ಅಲ್ಲಿಗೆ ನಿಂತ ಮೇಲೆ ಗವರ್ನರ್ ಮೇಲಿನ ಸಿಟ್ಟು ಬೇಗ ಇಳಿಯಿತು. ಅವರನ್ನು ವಾಪಸ್ ಕರೆಸುವ ಅರ್ಜಿಗೂ ಕೆಲಸ ಉಳಿಯಲಿಲ್ಲ. ಬಾಗಿಲು ತೆರೆದವರನ್ನು ಅಷ್ಟು ಬೇಗ ಬಿಡಬಾರದು ಅನ್ನುವುದು ನನ್ನ ಮಾತು. ಚುನಾವಣೆ ಫಲಿತಾಂಶ ನನ್ನ ಕಡೆ ಇಲ್ಲ, ಅದು ಗೊತ್ತು.

ಮತ್ತೆ ಮಾಜಿ ಸದಸ್ಯರು ಹೆದರಿದ್ದೂ ನಿಜವಾಯಿತು. ಆ ವೀಟೋ ಆದ ಮೇಲೆ ಎಷ್ಟೋ ವರ್ಷ ಆ ರಾಜ್ಯದ ಶಾಸಕರ ಮೂಲ ಸಂಬಳ 16,800ರಲ್ಲೇ ಉಳಿಯಿತು. ಸಂಬಳದ ಮಾತು ಎತ್ತಲು ಎಲ್ಲರಿಗೂ ಹೆದರಿಕೆ. ಸರಿಯಾದ ಕೆಲಸವನ್ನು ಕೆಟ್ಟ ದಾರಿಯಲ್ಲಿ ಮಾಡಲು ಹೋಗಿ, ಸರಿಯಾದ ದಾರಿಯನ್ನೂ ಮುಚ್ಚಿಹಾಕಿದರು.

ಫಿಲಡೆಲ್ಫಿಯಾ ಕನ್ನಡಿಗ:

ಒಪ್ಪಿದೆ. ನಮ್ಮಲ್ಲಿ ಇನ್ನೊಂದು ವಿಷಯ ಆಯಿತು, ಹೇಳಲು ಮರೆತೆ. 2006ರ ಸೆಪ್ಟೆಂಬರ್‌ನಲ್ಲಿ ಸ್ಟಿಲ್ಪ್ ಹಾಕಿದ್ದ ಮೊಕದ್ದಮೆಯಲ್ಲಿ ತೀರ್ಪು ಬಂತು. ರಸೀದಿ ಇಲ್ಲದ ಖರ್ಚಿನ ದಾರಿ ಸಂವಿಧಾನಕ್ಕೆ ವಿರುದ್ಧ ಅಂತ ಕೋರ್ಟು ಹೇಳಿತು. ಆದರೆ ನ್ಯಾಯಾಧೀಶರ ಏರಿಕೆ ಮಾತ್ರ ಉಳಿಯಬೇಕು, ಒಮ್ಮೆ ಕೊಟ್ಟ ಸಂಬಳ ಅವರಿಂದ ಕಿತ್ತುಕೊಳ್ಳುವ ಹಾಗಿಲ್ಲ ಅಂತಲೂ ಹೇಳಿತು. ಕಾನೂನು ಸರಿಯೇ ಇರಬಹುದು. ತೀರ್ಪು ಕೊಟ್ಟವರೂ ನ್ಯಾಯಾಧೀಶರೇ ಅಲ್ವಾ, ಜನಕ್ಕೆ ಅದು ನುಂಗಲಾಗಲಿಲ್ಲ.

ಮಾಜಿ ಸದಸ್ಯ:

ತುಂಗೆತೀರದ ತಮ್ಮ ಬರೆದದ್ದು ಓದಿ ನನ್ನ ಮಾತನ್ನು ಸ್ವಲ್ಪ ತಿದ್ದಿಕೊಳ್ಳುತ್ತೇನೆ. ಸಂಬಳ ಏರಲಿ. ಆದರೆ ಮುಂದಿನ ಚುನಾವಣೆ ಆದ ಮೇಲೆ ಜಾರಿಗೆ ಬರಲಿ, ಮಸೂದೆಯ ಪ್ರತಿ ಒಂದು ತಿಂಗಳು ಮುಂಚೆ ಜನರ ಕೈಗೆ ಸಿಗಲಿ. ಆ ಅಜ್ಜ ಕೇಳಿದ್ದೂ ಇಷ್ಟೇ ಅಲ್ವಾ? ನಾನು ನಮ್ಮ ಶಾಸಕರಿಗೆ ಇದನ್ನೇ ಬರೆಯುತ್ತೇನೆ. ಗ್ರಾಮ ಪಂಚಾಯಿತಿ ಸದಸ್ಯರ ಗೌರವಧನದ ಮಾತನ್ನೂ ಅದರಲ್ಲೇ ಸೇರಿಸುತ್ತೇನೆ, ಬಿಡುವುದಿಲ್ಲ.

ತುಂಗೆತೀರ:

ಬರೆಯಿರಿ ಅಣ್ಣ. ಅಕ್ಕನ ಸಹಿಯನ್ನೂ ಹಾಕಿಸಿ ಕೊಡುತ್ತೇನೆ.

ಮಲ್ಲಿಗೆಮೊಗ್ಗು:

ಹೊಳೆದಂಡೆ ಸರ್, ಆ ಅಜ್ಜ ಬರೆದ ಕಾಗದಕ್ಕೆ ಗವರ್ನರ್ ಕಡೆಯಿಂದ ಉತ್ತರ ಬಂತಾ?

ಹೊಳೆದಂಡೆ:

ಬಂತು ಮೇಡಂ. ವೀಟೋ ಆಗಿ ಎರಡೋ ಮೂರೋ ವಾರದ ಮೇಲೆ ಅಚ್ಚು ಹಾಕಿದ ಒಂದು ಹಾಳೆ ಬಂತು, ನಿಮ್ಮ ಅಭಿಪ್ರಾಯ ತಲುಪಿತು, ಧನ್ಯವಾದ ಅಂತ. ಎಲ್ಲರಿಗೂ ಕಳಿಸುವ ಕಾಗದ. ಕೆಳಗಿನ ಸಹಿ ಕೂಡ ಅಚ್ಚಿನದೇ. ಅಜ್ಜ ಅದನ್ನು ಬೆರಳಿನಿಂದ ಉಜ್ಜಿ ನೋಡಿದರು, ಮಸಿ ಹರಡಲಿಲ್ಲ. ಆಮೇಲೆ ಫ್ರಿಜ್ ಬಾಗಿಲಿಗೆ ಆಯಸ್ಕಾಂತದಿಂದ ಸಿಕ್ಕಿಸಿದರು, ಮೊಮ್ಮಗಳ ಶಾಲೆಯ ಫೋಟೋ ಪಕ್ಕದಲ್ಲಿ. 2010ರಲ್ಲಿ ನಾನು ಊರು ಬಿಡುವಾಗ ಬೆಂಡೆಕಾಯಿ ಬೀಜದ ಪೊಟ್ಟಣ ಕೊಡಲು ಒಳಗೆ ಕರೆದರು. ಆ ಹಾಳೆ ಆಗಲೂ ಅಲ್ಲೇ ಇತ್ತು.